ಗೆಳೆಯರ ಜತೆ ಸಿನಿಮಾ: ಕಾಗದ ಕೇಳಿದರೆ ಸ್ನೇಹ ಕೆಡುತ್ತದೆಯೇ?

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯ ಐದು ಜನ ಗೆಳೆಯರು. ಹತ್ತು ವರ್ಷದಿಂದ ಒಟ್ಟಿಗೆ ನಾಟಕ ಆಡುತ್ತಿದ್ದೇವೆ, ಎರಡು ಕಿರುಚಿತ್ರ ಮಾಡಿದ್ದೇವೆ. ಈಗ ನೂರು ನಿಮಿಷದ ಸಿನಿಮಾ ಮಾಡಲು ಹೊರಟಿದ್ದೇವೆ. ಕಥೆ ನಮ್ಮೂರಿನ ಹಿರಿಯ ಲೇಖಕರದ್ದು, 'ಮಾಡ್ಕೊಳ್ರೋ' ಅಂದಿದ್ದಾರೆ. ನಾನು ನಿರ್ದೇಶಕ. ಒಬ್ಬನ ಹತ್ತಿರ ಸ್ವಂತ ಕ್ಯಾಮೆರಾ ಇದೆ, ಅವನೇ ಛಾಯಾಗ್ರಾಹಕ. ಇನ್ನೊಬ್ಬ ಎಡಿಟರ್, ಮತ್ತೊಬ್ಬ ಸೌಂಡ್. ಐದನೆಯವನು ಮುಖ್ಯ ಪಾತ್ರ ಮಾಡುತ್ತಾನೆ, ಅಪ್ಪನ ಅಡಿಕೆ ದುಡ್ಡಿನಲ್ಲಿ 6 ಲಕ್ಷ ಹಾಕುತ್ತಾನೆ. ನನ್ನ ಉಳಿತಾಯ 5 ಲಕ್ಷ. ಉಳಿದ 7 ಲಕ್ಷ ಮೂವತ್ತು ಜನ ಪರಿಚಯದವರಿಂದ. ಒಟ್ಟು 18 ಲಕ್ಷ. ಯಾರಿಗೂ ಸಂಬಳ ಇಲ್ಲ. ದುಡ್ಡು ಬಂದರೆ ಹಂಚಿಕೊಳ್ಳೋಣ ಅಂತ ಮಾತಾಗಿದೆ. ಸಬ್ಸಿಡಿ ಮತ್ತು ಓಟಿಟಿಯಿಂದ ಹಾಕಿದ್ದು ವಾಪಸ್ ಬರುತ್ತದೆ ಅಂದುಕೊಂಡಿದ್ದೇವೆ. ನವೆಂಬರ್‌ನಲ್ಲಿ ಶುರು ಮಾಡಿ 20 ದಿನದಲ್ಲಿ ಶೂಟಿಂಗ್ ಮುಗಿಸುವ ಯೋಚನೆ. ಆದರೆ ಮನೆಯಲ್ಲಿ ದೊಡ್ಡವರು, 'ಗೆಳೆಯರ ಜತೆ ದುಡ್ಡಿನ ವ್ಯವಹಾರ ಬೇಡ, ಸಿನಿಮಾನೂ ಹೋಗುತ್ತೆ, ಸ್ನೇಹಾನೂ ಹೋಗುತ್ತೆ' ಅನ್ನುತ್ತಾರೆ. ಅಗ್ರಿಮೆಂಟ್ ಮಾಡಿಕೊಳ್ಳೋಣ ಅಂದರೆ 'ನನ್ನ ಮೇಲೆ ನಂಬಿಕೆ ಇಲ್ವಾ' ಅಂತ ಯಾರಾದರೂ ಬೇಜಾರು ಮಾಡಿಕೊಂಡಾರು ಅನ್ನುವ ಭಯ. ಏನು ಮಾಡಲಿ?

ಉತ್ತರ: ಪತ್ರ ಓದಿದೆ. ಜತೆಗೆ ಕಳಿಸಿದ ಸ್ಕ್ರಿಪ್ಟನ್ನೂ ಬಜೆಟ್ ಹಾಳೆಯನ್ನೂ ಎರಡೆರಡು ಸಲ ಓದಿದೆ. ಅಜ್ಜಿ ಕರುವಿಗೆ ಹೆಸರಿಡುವ ದೃಶ್ಯ ಇನ್ನೂ ಕಣ್ಣ ಮುಂದೆ ಇದೆ. ಈ ಸಿನಿಮಾ ಆಗಲಿ ಅನ್ನುವ ಆಸೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ನೀವು ಕೇಳಿದ್ದು ಅಗ್ರಿಮೆಂಟ್ ಬಗ್ಗೆ. ಆದರೆ ನಿಮ್ಮನ್ನು ಕಾಡುತ್ತಿರುವುದು ಬೇರೆ ಅನಿಸುತ್ತದೆ. ಸಿನಿಮಾ ಮುಗಿದ ಮೇಲೂ ಈ ನಾಲ್ಕು ಜನ ಹಬ್ಬಕ್ಕೆ ನಿಮ್ಮ ಮನೆಗೆ ಊಟಕ್ಕೆ ಬರುತ್ತಾರಾ? ಅದು, ಅಲ್ವಾ? ಕಡಿಮೆ ಬಜೆಟ್ಟಿನ ಚಿತ್ರಗಳ ಪ್ರೊಡಕ್ಷನ್ ಕೆಲಸದಲ್ಲೇ ಇಪ್ಪತ್ತು ವರ್ಷ ಕಳೆದವನಾಗಿ ಹೇಳುತ್ತೇನೆ, ಆ ಭಯ ಸುಳ್ಳಲ್ಲ. ಆದರೆ ದೊಡ್ಡವರು ಹೇಳಿದ ಮಾತು ಅರ್ಧ ಮಾತ್ರ ನಿಜ.

ನಮ್ಮಲ್ಲಿ ಒಳ್ಳೆಯ ಸಿನಿಮಾ ಹುಟ್ಟಿದ್ದೇ ಗೆಳೆಯರ ಗುಂಪಿನಲ್ಲಿ. ನಿಮ್ಮ ಮಲೆನಾಡಿನಲ್ಲೇ, ಶೃಂಗೇರಿ ಹತ್ತಿರದ ಅಗ್ರಹಾರದಲ್ಲಿ ಶೂಟಿಂಗ್ ಆದ 'ಸಂಸ್ಕಾರ' ನೋಡಿ. 1970ರ ಚಿತ್ರ. ನಿರ್ಮಾಪಕ, ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ಅವರಿಗೆ ಅದೇ ಮೊದಲ ನಿರ್ದೇಶನ. ಚಿತ್ರಕಥೆ ಬರೆದ ಗಿರೀಶ ಕಾರ್ನಾಡರೇ ಮುಖ್ಯ ಪಾತ್ರ ಮಾಡಿದರು. ಲಂಕೇಶರು ನಟಿಸಿದರು. ನಿರ್ದೇಶಕರ ಹೆಂಡತಿ ಸ್ನೇಹಲತಾ ರೆಡ್ಡಿ ಚಂದ್ರಿಯ ಪಾತ್ರ ಮಾಡಿದರು. ಆಸ್ಟ್ರೇಲಿಯಾದಿಂದ ಬಂದಿದ್ದ ಟಾಮ್ ಕೋವನ್ ಕ್ಯಾಮೆರಾ ಹಿಡಿದರು. ಇನ್ನೊಂದು ಉದಾಹರಣೆ ಗಿರೀಶ ಕಾಸರವಳ್ಳಿ ಮತ್ತು ಛಾಯಾಗ್ರಾಹಕ ಎಸ್. ರಾಮಚಂದ್ರ ಅವರದ್ದು. 1977ರ 'ಘಟಶ್ರಾದ್ಧ'ದಲ್ಲಿ ಜತೆಯಾಗಿದ್ದವರು 2008ರ 'ಗುಲಾಬಿ ಟಾಕೀಸ್'ನಲ್ಲೂ ಜತೆಗಿದ್ದರು. ನಡುವೆ ಮೂವತ್ತು ವರ್ಷ. ಇತ್ತೀಚಿನದು ಬೇಕೆಂದರೆ 'ಪೆದ್ರೊ' ಇದೆ. ನಟೇಶ್ ಹೆಗಡೆ ತಮ್ಮೂರಿನ ಕಡೆಯೇ ಮಾಡಿದ ಈ ಚಿತ್ರ 2021ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವಕ್ಕೆ ಹೋಯಿತು. ಮುಖ್ಯ ಪಾತ್ರ ಅವರ ಅಪ್ಪನದ್ದೇ.

ಅಂದರೆ ನಂಬಿಕೆಯವರ ಜತೆ ಸಿನಿಮಾ ಮಾಡುವುದು ತಪ್ಪಲ್ಲ. ದುಡ್ಡು ಕಡಿಮೆ ಇದ್ದಾಗ ನಿಮ್ಮ ಕೈಲಿರುವ ದೊಡ್ಡ ಬಂಡವಾಳವೇ ಅದು. ಹತ್ತು ವರ್ಷ ಒಟ್ಟಿಗೆ ನಾಟಕ ಆಡಿದವರಿಗೆ ಅರ್ಧ ಮಾತು ಸಾಕು, ಉಳಿದರ್ಧ ಅರ್ಥವಾಗುತ್ತದೆ. ಸೆಟ್ಟಿನಲ್ಲಿ ಇದು ದಿನಕ್ಕೆ ಒಂದೆರಡು ಗಂಟೆ ಉಳಿಸುತ್ತದೆ.

ಹಾಗಾದರೆ ಮುರಿಯುವುದು ಎಲ್ಲಿ? ನನಗೇ ಆದದ್ದು ಹೇಳುತ್ತೇನೆ.

ಹದಿನಾಲ್ಕು ವರ್ಷದ ಹಿಂದಿನ ಮಾತು. ನಾಲ್ಕು ಜನ ಗೆಳೆಯರು ಸೇರಿ ಸಾಗರದ ಹತ್ತಿರದ ಹಳ್ಳಿಯೊಂದರಲ್ಲಿ ಸಿನಿಮಾ ಶುರು ಮಾಡಿದೆವು. ಪ್ರೊಡಕ್ಷನ್ ನನ್ನ ಜವಾಬ್ದಾರಿ. ಸಂಬಳ ಇಲ್ಲ, ಬಂದರೆ ಹಂಚಿಕೊಳ್ಳೋಣ ಅನ್ನುವ ನಿಮ್ಮ ಮಾತೇ ನಮ್ಮದೂ ಆಗಿತ್ತು. ಹದಿನಾಲ್ಕನೇ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಸೌಂಡ್ ಮಾಡುತ್ತಿದ್ದ ಗೆಳೆಯ ಮನೆಯ ಒಳಗೇ ಉಳಿದ. ಜನ ಎಲ್ಲ ಹೊರಗೆ ಹೋದಾಗ ಮಾತ್ರ ಖಾಲಿ ಕೋಣೆಯ ಶಬ್ದ ಶುದ್ಧವಾಗಿ ಸಿಗುವುದು. ಅರ್ಧ ಗಂಟೆ ಕೂತು ಅದನ್ನು ಹಿಡಿದ. ಹೊರಗೆ ಬಂದ. ಅನ್ನ ಮುಗಿದಿತ್ತು. ತಳದಲ್ಲಿ ಒಂದಿಷ್ಟು ಸಾರು, ಎರಡು ಹಪ್ಪಳ. ಅವನಿಗೆ ಅಂತ ಒಂದು ತಟ್ಟೆ ಎತ್ತಿಡಬೇಕು ಅನ್ನುವುದು ಯಾರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ, ಅದು ನನ್ನ ಕೆಲಸವೇ ಆಗಿತ್ತು. ಅವನು ಏನೂ ಅನ್ನಲಿಲ್ಲ. ಹೆಡ್‌ಫೋನ್ ಕುತ್ತಿಗೆಗೆ ಹಾಕಿಕೊಂಡೇ ಜಗಲಿ ಮೆಟ್ಟಿಲ ಮೇಲೆ ಕೂತು ಹಪ್ಪಳ ತಿಂದ.

ಎಂಟು ತಿಂಗಳ ಮೇಲೆ ಜಗಳ ಆದದ್ದು ದುಡ್ಡಿಗೆ. ಮಿಕ್ಸಿಂಗ್ ಖರ್ಚು ಯಾರು ಹಾಕಬೇಕು ಅಂತ. ಜೋರು ಮಾತು ನಡೆದಾಗ ಅವನ ಬಾಯಿಂದ ಮೊದಲು ಬಂದದ್ದು ಆ ಊಟದ ವಿಷಯ. ಅಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಹಾರ್ಡ್‌ಡಿಸ್ಕುಗಳು ಎಡಿಟರ್ ಮನೆಯಲ್ಲಿದ್ದವು. ಎಡಿಟರ್ ಅವನ ಪರ ನಿಂತ. ಆ ಸಿನಿಮಾ ಇವತ್ತಿಗೂ ಮುಗಿದಿಲ್ಲ. ನಮ್ಮ ನಾಲ್ವರಲ್ಲಿ ಇಬ್ಬರು ಈಗ ಮಾತಾಡುವುದಿಲ್ಲ.

ದುಡ್ಡಿನಿಂದ ಸ್ನೇಹ ಕೆಡುತ್ತದೆ ಅನ್ನುವುದನ್ನು ನಾನು ಪೂರ್ತಿ ಒಪ್ಪದಿರುವುದು ಇದಕ್ಕೇ. ಕೆಡಿಸುವುದು ಲೆಕ್ಕಕ್ಕೆ ಬಾರದ ಶ್ರಮ. ಸಂಬಳ ಕೊಟ್ಟ ಯೂನಿಟ್ಟಿನಲ್ಲಿ ಯಾರ ಕೆಲಸ ಎಷ್ಟು ಅನ್ನುವುದಕ್ಕೆ ದುಡ್ಡೇ ಒಂದು ಲೆಕ್ಕ. ಸಂಬಳ ಇಲ್ಲದ ಕಡೆ ಪ್ರತಿಯೊಬ್ಬರೂ ಆ ಲೆಕ್ಕವನ್ನು ತಮ್ಮ ಮನಸ್ಸಿನಲ್ಲೇ ಇಡುತ್ತಾರೆ. ಐದು ಮನಸ್ಸಿನಲ್ಲಿ ಐದು ಬೇರೆ ಲೆಕ್ಕ. ಕಾಗದ ಬೇಕಾಗುವುದು ಈ ಐದನ್ನು ಒಂದು ಮಾಡಲಿಕ್ಕೆ.

ನಿಮ್ಮ 'ಹಂಚಿಕೊಳ್ಳೋಣ' ಅನ್ನುವ ಮಾತನ್ನೇ ತೆಗೆದುಕೊಳ್ಳೋಣ. ಸಿನಿಮಾದಿಂದ ಎಲ್ಲ ಖರ್ಚು ಕಳೆದು 12 ಲಕ್ಷ ಬಂತು ಅಂತಿಟ್ಟುಕೊಳ್ಳಿ. ಹಾಕಿದ್ದು 18 ಲಕ್ಷ. ದುಡ್ಡು ಹಾಕಿದವರಿಗೆ ಮೊದಲು ವಾಪಸ್ ಅಂತಾದರೆ ನಟ ಗೆಳೆಯನಿಗೆ 4 ಲಕ್ಷ, ನಿಮಗೆ 3 ಲಕ್ಷದ 33 ಸಾವಿರ, ಪರಿಚಯದವರಿಗೆ 4 ಲಕ್ಷದ 67 ಸಾವಿರ. ಮುಗಿಯಿತು. ಕ್ಯಾಮೆರಾ ತಂದವನಿಗೆ, ಎಂಟು ತಿಂಗಳು ರಾತ್ರಿ ಕೂತು ಎಡಿಟ್ ಮಾಡಿದವನಿಗೆ, ಸೌಂಡ್‌ನವನಿಗೆ ಸೊನ್ನೆ. ಅವರು 'ಹಂಚಿಕೊಳ್ಳೋಣ' ಅನ್ನುವುದನ್ನು ಹೀಗೆ ಅರ್ಥ ಮಾಡಿಕೊಂಡಿರಲಿಕ್ಕಿಲ್ಲ. 12ನ್ನು ಐದು ಭಾಗ ಅಂದುಕೊಂಡಿರುತ್ತಾರೆ. ಆರು ಲಕ್ಷ ಹಾಕಿದವನು ಹಾಗೆ ಅಂದುಕೊಂಡಿರಲಿಕ್ಕಿಲ್ಲ. ಯಾರೂ ಮೋಸಗಾರರಲ್ಲ, ಎಲ್ಲರೂ ಅದೇ ಮಾತಿಗೆ ತಲೆಯಾಡಿಸಿದ್ದಾರೆ.

ನಾನು ಈಗ ಮಾಡುವ ಕ್ರಮ ಹೀಗೆ. ಶ್ರಮಕ್ಕೂ ಒಂದು ಬೆಲೆ ಕಟ್ಟಿ ಅದನ್ನು ದುಡ್ಡಿನ ಸಾಲಿನಲ್ಲೇ ನಿಲ್ಲಿಸುತ್ತೇನೆ. ಛಾಯಾಗ್ರಾಹಕನಿಗೆ ಕ್ಯಾಮೆರಾ ಸೇರಿ 2 ಲಕ್ಷ, ಎಡಿಟರ್‌ಗೆ ಒಂದೂವರೆ, ಸೌಂಡ್‌ಗೆ ಒಂದೂವರೆ, ನಟನಿಗೆ ಅರ್ಧ, ನಿಮಗೆ ಅರ್ಧ ಅನ್ನಿ. ಒಟ್ಟು 6 ಲಕ್ಷ. ಇದು ಈಗ ಕೊಡುವ ದುಡ್ಡಲ್ಲ, ಬಂದಾಗ ಕೊಡಬೇಕಾದದ್ದು. 18ಕ್ಕೆ 6 ಸೇರಿದರೆ 24. ಬಂದದ್ದು 12 ಅಂದರೆ ಪ್ರತಿಯೊಬ್ಬರಿಗೂ ಅವರವರ ಲೆಕ್ಕದ ಅರ್ಧ. ಆರು ಲಕ್ಷ ಹಾಕಿದ ಗೆಳೆಯನಿಗೆ ಅದರ ಬಾಬ್ತು 3 ಲಕ್ಷ, ಎಡಿಟರ್‌ಗೆ 75 ಸಾವಿರ. 24 ದಾಟಿದ ಮೇಲೆ ಬಂದದ್ದರಲ್ಲಿ ಅರ್ಧ ದುಡ್ಡು ಹಾಕಿದವರಿಗೆ, ಅರ್ಧ ಕೆಲಸ ಮಾಡಿದವರಿಗೆ. ನಾನು ನೋಡಿದ ಹಂಚಿಕೆಗಳಲ್ಲಿ ಜಗಳ ಕಡಿಮೆ ತಂದದ್ದು ಇದೇ. ನಿಮ್ಮ ಶ್ರಮದ ಬೆಲೆಯನ್ನು ಬೇಕೆಂದೇ ಕಡಿಮೆ ಇಟ್ಟಿದ್ದೇನೆ. ಸಿನಿಮಾ ಚೆನ್ನಾಗಿ ಬಂದರೆ ಜಾಸ್ತಿ ಹೆಸರು ನಿರ್ದೇಶಕನಿಗೇ ಹೋಗುತ್ತದೆ.

ಜತೆಗೆ ಬಾಟಾ, ಅಂದರೆ ದಿನಭತ್ಯೆ. ಶೂಟಿಂಗ್ ದಿನ ಪ್ರತಿಯೊಬ್ಬರಿಗೂ 500 ರೂಪಾಯಿ, ನಿಮ್ಮಿಂದ ಹಿಡಿದು ಲೈಟ್ ಹುಡುಗನ ತನಕ ಒಂದೇ ಮೊತ್ತ, ಸಂಜೆ ಪ್ಯಾಕಪ್ ಆದ ಕೂಡಲೇ ಕೈಗೆ. 14 ಜನರ ಯೂನಿಟ್, 20 ದಿನ ಅಂದರೆ 1 ಲಕ್ಷದ 40 ಸಾವಿರ. ನಿಮ್ಮ ಬಜೆಟ್ಟಿನಲ್ಲಿ ಇದು ಇಲ್ಲ. ಬೇರೆ ಏನಾದರೂ ಕಡಿಮೆ ಮಾಡಿ, ಇದನ್ನು ಸೇರಿಸಿ. ಊಟಕ್ಕೂ ತಲೆಗೆ ದಿನಕ್ಕೆ 400ರ ಲೆಕ್ಕ ಹಿಡಿಯಿರಿ, 1 ಲಕ್ಷದ 12 ಸಾವಿರ ಆಗುತ್ತದೆ. ಹೊರಗಡೆ ಕೆಲಸದಲ್ಲಿ ಇರುವವರಿಗೆ ತಟ್ಟೆ ಎತ್ತಿಡುವ ಜವಾಬ್ದಾರಿ ಯಾರದ್ದು ಅನ್ನುವುದನ್ನು ಮೊದಲ ದಿನವೇ ಹೆಸರು ಹಿಡಿದು ಹೇಳಿ.

ಇನ್ನು ಕಾನೂನು. ನಾನು ವಕೀಲನಲ್ಲ, ಪೆಟ್ಟು ತಿಂದು ಕಲಿತದ್ದು. ಸಹಿ ಹಾಕುವ ಮೊದಲು ಒಬ್ಬ ವಕೀಲರಿಗೂ ಒಬ್ಬ ಸಿಎಗೂ ತೋರಿಸಿ.

ನಿರ್ದೇಶಕನೇ ಸಿನಿಮಾದ ಒಡೆಯ ಅನ್ನುವುದು ತುಂಬಾ ಜನರ ನಂಬಿಕೆ. ತಪ್ಪು. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಸಿನಿಮಾದ ಕರ್ತೃ ನಿರ್ಮಾಪಕ. ಅದನ್ನು ಮಾಡುವುದಕ್ಕೆ ಮುಂದಾಗಿ ಹೊಣೆ ಹೊತ್ತವರೇ ನಿರ್ಮಾಪಕ ಅನ್ನುತ್ತದೆ ಕಾಯ್ದೆ. ನಿಮ್ಮ ಗುಂಪಿನಲ್ಲಿ ಅದು ಯಾರು? ನೀವಾ, ಆರು ಲಕ್ಷದ ಗೆಳೆಯನಾ, ಐದೂ ಜನರಾ? ಪತ್ರದಲ್ಲಿ ಎಲ್ಲೂ ಇಲ್ಲ. ಸೆನ್ಸಾರ್ ಅರ್ಜಿಗೆ ಒಂದು ಹೆಸರು ಬೇಕು. ಸಬ್ಸಿಡಿ ಅರ್ಜಿಗೆ ಒಂದು ಹೆಸರು ಬೇಕು. ದುಡ್ಡು ಆ ಹೆಸರಿನ ಖಾತೆಗೇ ಬರುತ್ತದೆ. ಆ ಹೆಸರು ಯಾರದ್ದು ಅನ್ನುವುದನ್ನು ಈಗಲೇ ತೀರ್ಮಾನಿಸಿ.

ಲೇಖಕರ 'ಮಾಡ್ಕೊಳ್ರೋ' ಪ್ರೀತಿಯ ಮಾತು, ಆದರೆ ಅದು ಹಕ್ಕಲ್ಲ. ಕಥೆಯ ಹಕ್ಕನ್ನು ನಿಮಗೆ ವಹಿಸಿಕೊಡುವುದು ಬರಹದಲ್ಲೇ ಆಗಬೇಕು, ಅವರ ಸಹಿ ಇರಬೇಕು. ತುಂಬಾ ಜನ ಗಮನಿಸದ ವಿಷಯ ಇನ್ನೊಂದಿದೆ. ಆ ಪತ್ರದಲ್ಲಿ ಎಷ್ಟು ವರ್ಷ ಅಂತ ಬರೆಯದೆ ಹೋದರೆ ಕಾಯ್ದೆ ಅದನ್ನು ಐದು ವರ್ಷ ಅಂತಲೇ ತಿಳಿಯುತ್ತದೆ. ಎಲ್ಲಿಗೆ ಅಂತ ಬರೆಯದೆ ಹೋದರೆ ಭಾರತಕ್ಕೆ ಮಾತ್ರ ಅಂತ ತಿಳಿಯುತ್ತದೆ. ನಿಮ್ಮ ಸಿನಿಮಾ ಹೊರದೇಶದ ಉತ್ಸವಕ್ಕೆ ಹೋಗಬೇಕು ಅನ್ನುವ ಕನಸಿದೆ. ಅದಕ್ಕೆ 'ಪ್ರಪಂಚದಾದ್ಯಂತ' ಅನ್ನುವ ಒಂದು ಪದ ಆ ಕಾಗದದಲ್ಲಿ ಇರಲೇಬೇಕು. ಹಿರಿಯರ ಮನೆಗೆ ಹೋಗಿ ಕೂತು ಓದಿ ಹೇಳಿ. ಸಣ್ಣದಾದರೂ ಒಂದು ಸಂಭಾವನೆ ಕೊಟ್ಟು ಬನ್ನಿ.

ಐದೂ ಜನ ಸೇರಿ ವ್ಯವಹಾರ ಮಾಡುತ್ತೇವೆ, ಲಾಭ ಹಂಚಿಕೊಳ್ಳುತ್ತೇವೆ ಅಂದರೆ, ಕೋರ್ಟಿಗೆ ಹೋದಾಗ ಇದು ಪಾಲುದಾರಿಕೆಯಾ ಅನ್ನುವ ಪ್ರಶ್ನೆ ಏಳುತ್ತದೆ. 1932ರ ಪಾಲುದಾರಿಕೆ ಕಾಯ್ದೆಯಲ್ಲಿ, ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭವೂ ಸಮ, ನಷ್ಟವೂ ಸಮ. ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ತನ್ನ ಸ್ವಂತ ಆಸ್ತಿಯ ಮಟ್ಟಿಗೆ ಹೊಣೆ. ಲೈಟ್ ಬಾಡಿಗೆ ಬಾಕಿ ಉಳಿದರೆ ನಿಮ್ಮ ಎಡಿಟರ್ ಮನೆಗೂ ಕೇಳಲು ಬರಬಹುದು ಅಂತ ಅವನಿಗೆ ಗೊತ್ತಿದೆಯಾ? ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಮಾಡಿದರೆ ಸಾಮಾನ್ಯವಾಗಿ ಈ ಹೊಣೆ ಹಾಕಿದ ದುಡ್ಡಿಗೆ ಸೀಮಿತ. ಆದರೆ ವರ್ಷ ವರ್ಷ ಲೆಕ್ಕ ಸಲ್ಲಿಸುವ ಕೆಲಸ, ಖರ್ಚು ಇರುತ್ತದೆ. ಒಂದೇ ಸಿನಿಮಾ ಅಂದರೆ ಒಬ್ಬರ ಹೆಸರಲ್ಲಿ ಸಂಸ್ಥೆ ಮಾಡಿ, ಉಳಿದವರ ಜತೆ ಒಂದೊಂದು ಒಪ್ಪಂದ ಮಾಡಿಕೊಳ್ಳುವುದು ಸುಲಭ. ಇದರ ಅಪಾಯವೂ ಹೇಳಬೇಕು, ಸಾಲದ ಪೂರ್ತಿ ಭಾರ ಆ ಒಬ್ಬರ ತಲೆ ಮೇಲೆ ಇರುತ್ತದೆ. ನಿಮ್ಮ ಗುಂಪಿಗೆ ಈ ಕೊನೆಯದೇ ಸರಿ ಅನಿಸುತ್ತದೆ, ಸಾಲ ಮಾಡುವುದಿಲ್ಲ ಅನ್ನುವ ಷರತ್ತಿನ ಮೇಲೆ.

ಆರು ಲಕ್ಷದ ಬಗ್ಗೆ ನನಗೆ ಜಾಸ್ತಿ ಯೋಚನೆ. ಅದು ಗೆಳೆಯನ ದುಡ್ಡಲ್ಲ, ಅವನ ಅಪ್ಪನದ್ದು. ಅವರು ಅದನ್ನು ಸಾಲ ಅಂದುಕೊಂಡಿದ್ದಾರಾ, ಬಂಡವಾಳ ಅಂದುಕೊಂಡಿದ್ದಾರಾ? ಸಾಲ ಅಂದರೆ ಸಿನಿಮಾ ಸೋತರೂ ಕೊಡಬೇಕು. ಬಂಡವಾಳ ಅಂದರೆ ಸೋತರೆ ಹೋಯಿತು. ಅವರ ಎದುರು ಕೂತು ಕೇಳಿ: 'ಈ ದುಡ್ಡು ವಾಪಸ್ ಬರದೇ ಹೋದರೆ ಮನೆಯಲ್ಲಿ ಏನು ನಿಲ್ಲುತ್ತದೆ?' ಮಗಳ ಮದುವೆ, ಮನೆ ಚಾವಣಿ, ಬ್ಯಾಂಕಿನ ಕಂತು, ಯಾವುದಾದರೂ ನಿಲ್ಲುತ್ತದೆ ಅಂದರೆ ಆ ದುಡ್ಡು ತೆಗೆದುಕೊಳ್ಳಬೇಡಿ. 12 ಲಕ್ಷದಲ್ಲಿ ಆಗುವಷ್ಟು ಸಿನಿಮಾ ಮಾಡಿ. ಅವನು ಮುಖ್ಯ ನಟನೂ ಆಗಿರುವುದರಿಂದ ಇನ್ನೊಂದು ತೊಡಕಿದೆ. ಎಡಿಟಿಂಗ್‌ನಲ್ಲಿ ಅವನ ಒಂದು ದೃಶ್ಯ ತೆಗೆಯಬೇಕಾದಾಗ ನೀವು ನಟನ ಜತೆ ಮಾತಾಡುತ್ತೀರಾ, ದುಡ್ಡು ಹಾಕಿದವನ ಜತೆಯಾ? ಕೊನೆಯ ಮಾತು ಯಾರದ್ದು ಅನ್ನುವುದನ್ನು ಬರೆದಿಡಿ. ಕಥೆ, ನಟನೆ, ಎಡಿಟ್ ವಿಷಯದಲ್ಲಿ ನಿರ್ದೇಶಕ. ದುಡ್ಡಿನ ವಿಷಯದಲ್ಲಿ ನಿರ್ದೇಶಕ ಅಲ್ಲದ ಇನ್ನೊಬ್ಬರು. ನಾನು ಕೆಲಸ ಮಾಡಿದ ಸಣ್ಣ ಚಿತ್ರಗಳಲ್ಲಿ ಇವೆರಡೂ ಒಬ್ಬರ ಕೈಲಿದ್ದಾಗ ದುಡ್ಡು ಶೂಟಿಂಗ್‌ನಲ್ಲೇ ಮುಗಿದುಹೋಗಿದೆ.

ಪರಿಚಯದವರ 7 ಲಕ್ಷದ ಬಗ್ಗೆ. ಎಲ್ಲರೂ 'ಲೂಸಿಯಾ' ಹೆಸರು ಹೇಳುತ್ತಾರೆ. 2013ರ ಆ ಚಿತ್ರಕ್ಕೆ ನೂರಕ್ಕೂ ಹೆಚ್ಚು ಜನ ಸೇರಿ ಸುಮಾರು 50 ಲಕ್ಷ ಕೊಟ್ಟದ್ದು ನಿಜ. ಆದರೆ ಅಷ್ಟು ಹೊತ್ತಿಗೆ ಪವನ್ ಕುಮಾರ್ 'ಲೈಫು ಇಷ್ಟೇನೆ' ನಿರ್ದೇಶಿಸಿ ಬಿಡುಗಡೆ ಮಾಡಿದ್ದರು. ಜನ ಅವರ ಕೆಲಸ ನೋಡಿ ಕೊಟ್ಟರು. ನಿಮಗೆ ಕೊಡುವವರು ನಿಮ್ಮ ಮುಖ ನೋಡಿ ಕೊಡುತ್ತಾರೆ. ಅದು ಜಾಸ್ತಿ ಭಾರ. ಯಾರಿಗೂ ಇಷ್ಟು ಪರ್ಸೆಂಟ್ ಬಡ್ಡಿ, ಇಷ್ಟು ದಿನದಲ್ಲಿ ವಾಪಸ್ ಅಂತ ಮಾತು ಕೊಡಬೇಡಿ. ಹಾಗೆ ಜನರಿಂದ ದುಡ್ಡು ಎತ್ತುವುದು 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯ ಕೆಳಗೆ ಬರುವ ಅಪಾಯ ಇದೆ. ಸಿಎ ಹತ್ತಿರ ಕೇಳಿಯೇ ಮುಂದುವರಿಯಿರಿ. ವಾಪಸ್ ಬೇಡ, ಹೆಸರು ಹಾಕಿದರೆ ಸಾಕು ಅನ್ನುವವರಿಂದ ಕಡಿಮೆ ದುಡ್ಡು ಬಂದರೂ ಅದೇ ನೆಮ್ಮದಿ.

ಈಗ ಬಜೆಟ್ ಹಾಳೆ. ಹದಿನೈದೂವರೆ ಲಕ್ಷ ಶೂಟಿಂಗ್‌ಗೆ, ಎರಡೂವರೆ ಉಳಿದ ಎಲ್ಲದಕ್ಕೆ ಅಂತ ಬರೆದಿದ್ದೀರಿ. ಇದನ್ನು ಬದಲಿಸಲೇಬೇಕು. ಶೂಟಿಂಗ್ ಮುಗಿದು ಕುಂಬಳಕಾಯಿ ಒಡೆದ ದಿನ ಎಲ್ಲರಿಗೂ ಸಿನಿಮಾ ಮುಗಿಯಿತು ಅನಿಸುತ್ತದೆ. ನಿಜವಾಗಿ ಅರ್ಧ ಆಗಿರುತ್ತದೆ. ಡಬ್ಬಿಂಗ್ ತೇಪೆ, ಫೋಲಿ (ಹೆಜ್ಜೆ, ಪಾತ್ರೆಯಂಥ ಸದ್ದುಗಳನ್ನು ಆಮೇಲೆ ಸೇರಿಸುವುದು), ಸಂಗೀತ, ಮಿಕ್ಸಿಂಗ್, ಕಲರ್, ಸಬ್‌ಟೈಟಲ್, ಡಿಸಿಪಿ (ಥಿಯೇಟರಿಗೆ ಕೊಡುವ ಡಿಜಿಟಲ್ ಪ್ರತಿ), ಸೆನ್ಸಾರ್, ಉತ್ಸವಗಳ ಪ್ರವೇಶ ಶುಲ್ಕ, ಎಲ್ಲ ಬಾಕಿ. 11 ಶೂಟಿಂಗ್‌ಗೆ, 7 ಆಮೇಲಿನದಕ್ಕೆ ಇಡಿ. ಆ 7ನ್ನು ಬೇರೆ ಖಾತೆಗೆ ಹಾಕಿ, ಇಬ್ಬರ ಸಹಿ ಇಲ್ಲದೆ ತೆಗೆಯದ ಹಾಗೆ ಮಾಡಿ. ಶೂಟಿಂಗ್‌ನ ಹದಿನೆಂಟನೇ ದಿನ ಆ ದುಡ್ಡಿನ ಮೇಲೆ ಕೈ ಹೋಗಿಯೇ ಹೋಗುತ್ತದೆ.

11ರಲ್ಲಿ ಆಗುವುದಕ್ಕೆ ಸ್ಕ್ರಿಪ್ಟ್ ಕಡಿಮೆ ಆಗಬೇಕು. ಕಡಿಮೆ ಬಜೆಟ್ ಅನ್ನುವುದು ಬರವಣಿಗೆಯಲ್ಲಿ ಇರಬೇಕು, ಜನರ ಊಟದಲ್ಲಿ ಅಲ್ಲ. ನಿಮ್ಮಲ್ಲಿ 78 ದೃಶ್ಯ, 23 ಜಾಗ ಇವೆ. ನೂರು ನಿಮಿಷವನ್ನು 20 ದಿನದಲ್ಲಿ ಮಾಡಬೇಕಾದರೆ ದಿನಕ್ಕೆ ಐದು ನಿಮಿಷದ ಸಿನಿಮಾ ಕೈಗೆ ಬರಬೇಕು. ಒಂದೇ ಜಾಗದಲ್ಲಿದ್ದರೆ ಸಾಧ್ಯ. ಒಂದು ಸಲ ಸಾಮಾನು ಎತ್ತಿ ಇನ್ನೊಂದು ಕಡೆ ಇಳಿಸಿ ಲೈಟ್ ಇಡುವುದಕ್ಕೆ ಎರಡು ಗಂಟೆ ಹೋಗುತ್ತದೆ. ಪೇಟೆಯ ಆಸ್ಪತ್ರೆ, ಬಸ್‌ಸ್ಟ್ಯಾಂಡ್, ಕೋರ್ಟು ಮೂರನ್ನೂ ತೆಗೆದುಬಿಡಿ. ಅಲ್ಲಿಯ ಸುದ್ದಿ ಅಜ್ಜಿಗೆ ಅಂಗಳದಲ್ಲಿ ಸಿಕ್ಕರೆ ಸಾಕು, ನನ್ನ ಪ್ರಕಾರ ಇನ್ನೂ ಚೆನ್ನಾಗಿ ಬರುತ್ತದೆ. ಮನೆ, ತೋಟ, ಹೊಳೆದಂಡೆ, ಸೊಸೈಟಿ ಕಟ್ಟಡ, ಇಷ್ಟರಲ್ಲೇ ನಿಮ್ಮ ಕಥೆ ನಡೆಯುತ್ತದೆ.

ನವೆಂಬರ್ ಬೇಡ. ಅದು ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ ಕಾಲ. ಯಾರ ಮನೆಯಲ್ಲೂ ನಿಮಗೆ ಅಂತ ಹೊತ್ತು ಇರುವುದಿಲ್ಲ. ಅಂಗಳದ ತುಂಬ ಅಡಿಕೆ ಹರಡಿರುತ್ತದೆ, ರಾತ್ರಿ ತನಕ ಸುಲಿಯುವ ಮಷಿನ್ ಓಡುತ್ತಿರುತ್ತದೆ. ಆ ಶಬ್ದ ಒಂದು ಫರ್ಲಾಂಗ್ ದೂರದಿಂದಲೂ ಮೈಕಿಗೆ ಬರುತ್ತದೆ. ಫೆಬ್ರವರಿ ಕೊನೆಗೆ ಇಡಿ. ಊರ ಜಾತ್ರೆ, ಯಕ್ಷಗಾನ ಆಟದ ತಾರೀಖು ಕೇಳಿಕೊಂಡು ಆ ರಾತ್ರಿಗಳನ್ನು ಬಿಟ್ಟುಬಿಡಿ. ಸೌಂಡ್ ಬಗ್ಗೆ ಇಷ್ಟು ಹೇಳುವುದಕ್ಕೆ ಕಾರಣ ಇದೆ. ಚಿತ್ರ ಸ್ವಲ್ಪ ಮಂಕಾದರೆ ಪ್ರೇಕ್ಷಕ ಒಪ್ಪಿಕೊಳ್ಳುತ್ತಾನೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾನೆ. ಬಜೆಟ್ಟಿನಲ್ಲಿರುವ ಎರಡನೇ ಲೆನ್ಸ್ ಸೆಟ್ ಬಾಡಿಗೆ ತೆಗೆದು ಆ ದುಡ್ಡಲ್ಲಿ ಒಳ್ಳೆಯ ಮೈಕು, ಕೋಲಿನ ಮೈಕು ಹಿಡಿಯುವ ಒಬ್ಬ ಬೂಮ್ ಹುಡುಗನನ್ನು ತನ್ನಿ.

ಡೇಟಾ ಬಗ್ಗೆ ನನ್ನ ಕಥೆಯಿಂದಲೇ ಗೊತ್ತಾಗಿರಬೇಕು. ಸೆಕೆಂಡಿಗೆ 280 ಮೆಗಾಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ 126 ಜಿಬಿ. ದಿನಕ್ಕೆ ಎರಡೂವರೆ ಗಂಟೆ ತೆಗೆದರೆ ಇಪ್ಪತ್ತು ದಿನಕ್ಕೆ ಸುಮಾರು 6 ಟಿಬಿ. ಮೂರು ಪ್ರತಿ ಮಾಡಿ, ಮೂರು ಬೇರೆ ಬೇರೆ ಮನೆಯಲ್ಲಿಡಿ. ಎರಡು ಕಡೆ ಕಾಪಿ ಆಗಿದೆ ಅಂತ ನೋಡುವ ತನಕ ಕಾರ್ಡ್ ಅಳಿಸಬೇಡಿ.

ಕರುವಿನ ವಿಷಯ ಮರೆತಿದ್ದೆ. ಸಿನಿಮಾದಲ್ಲಿ ಪ್ರಾಣಿ ಬಳಸುವುದಕ್ಕೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಶೂಟಿಂಗ್‌ಗೆ ಮೊದಲೇ ಬೇಕು. ಇಲ್ಲದಿದ್ದರೆ ಸೆನ್ಸಾರ್‌ನಲ್ಲಿ ಸಿಕ್ಕಿಕೊಳ್ಳುತ್ತೀರಿ. ಮನೆಯದ್ದೇ ಕರು ಅಂದರೂ ಬೇಕು.

ಊರಿನವರೇ ನಟಿಸುತ್ತಾರೆ ಅಂದಿದ್ದೀರಿ. ತುಂಬಾ ಒಳ್ಳೆಯದು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದ 'ತಿಥಿ'ಯಲ್ಲಿ ನಟಿಸಿದವರು ಮಂಡ್ಯ ಕಡೆಯ ಹಳ್ಳಿಯ ಜನ. 2022ರಲ್ಲಿ ಬುಸಾನ್‌ನಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದ 'ಶಿವಮ್ಮ ಯರೇಹಂಚಿನಾಳ' ಕೊಪ್ಪಳ ಜಿಲ್ಲೆಯ ಹಳ್ಳಿಯದ್ದು. 'ತಿಥಿ'ಯ ಕಥೆಯಲ್ಲಿ ಜತೆಯಾದ ಈರೇಗೌಡರು ಮಂಡ್ಯ ಕಡೆಯ ಆ ಊರನ್ನು ಒಳಗಿನಿಂದ ಬಲ್ಲವರು. ನೀವೂ ಹಾಗೆಯೇ, ಅದು ನಿಮ್ಮ ಬಲ. ಆದರೆ ಊರಿನವರಿಗೆ ಕೂಲಿ ತಪ್ಪಿಸಬೇಡಿ. ಒಂದು ದಿನದ ತೋಟದ ಕೆಲಸ ಬಿಟ್ಟು ಬಂದವರಿಗೆ ಆ ದಿನದ ಕೂಲಿಗಿಂತ ಜಾಸ್ತಿಯೇ ಕೊಡಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಓದಿ ಹೇಳಿ ಸಹಿ ಹಾಕಿಸಿ.

ವಾಪಸ್ ಬರುವ ದುಡ್ಡಿನ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಸರ್ಕಾರದ ಸಬ್ಸಿಡಿ ಸಿಗುವುದು ಸಿನಿಮಾ ಮುಗಿದು, ಸೆನ್ಸಾರ್ ಆಗಿ, ಸಮಿತಿ ನೋಡಿ ಆಯ್ಕೆ ಮಾಡಿದ ಮೇಲೆ. ಆಮೇಲೂ ಕೈಗೆ ಬರುವುದಕ್ಕೆ ವರ್ಷಗಳೇ ಹಿಡಿಯಬಹುದು. ಅರ್ಜಿ ಖಂಡಿತ ಹಾಕಿ, ಬಜೆಟ್ಟಿನಲ್ಲಿ ಸೊನ್ನೆ ಅಂತ ಬರೆಯಿರಿ. ಓಟಿಟಿ ಸಣ್ಣ ಕನ್ನಡ ಸಿನಿಮಾವನ್ನು ಒಂದೇ ಮೊತ್ತಕ್ಕೆ ಕೊಳ್ಳುವುದು ಈಗ ಅಪರೂಪ. ನೋಡಿದಷ್ಟು ನಿಮಿಷಕ್ಕೆ ಇಷ್ಟು ಅನ್ನುವ ಲೆಕ್ಕವೇ ಜಾಸ್ತಿ. 2024ರಲ್ಲಿ 'ಏಕಂ' ಅನ್ನುವ ಕನ್ನಡ ವೆಬ್ ಸರಣಿಯನ್ನು ರಕ್ಷಿತ್ ಶೆಟ್ಟಿ ಅವರಂಥವರೇ ಕೊನೆಗೆ ಸ್ವಂತ ವೇದಿಕೆಯಲ್ಲಿ ಬಿಡುಗಡೆ ಮಾಡಬೇಕಾಯಿತು. ನಿಮಗೆ ನಿಜವಾಗಿ ತೆರೆದಿರುವ ಬಾಗಿಲು ಬೇರೆ ಇದೆ. ಗೋವಾದಲ್ಲಿ ನವೆಂಬರ್‌ನಲ್ಲಿ ಎನ್‌ಎಫ್‌ಡಿಸಿ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) ನಡೆಸುವ ಸಿನಿಮಾ ಮಾರುಕಟ್ಟೆ ಫಿಲ್ಮ್ ಬಜಾರ್‌ನಲ್ಲಿ (ಈಗಿನ ಹೆಸರು ವೇವ್ಸ್ ಫಿಲ್ಮ್ ಬಜಾರ್), ಇನ್ನೂ ಎಡಿಟಿಂಗ್‌ನಲ್ಲಿರುವ ಸಿನಿಮಾಗಳಿಗೆ ಅಂತಲೇ ಒಂದು ಕಾರ್ಯಾಗಾರ ಇರುತ್ತದೆ. ಫೆಬ್ರವರಿಯಲ್ಲಿ ಶೂಟಿಂಗ್ ಮಾಡಿದರೆ ಅದಕ್ಕೆ ಅರ್ಜಿ ಹಾಕುವ ಹೊತ್ತಿಗೆ ಒಂದು ಒರಟು ಎಡಿಟ್ ತಯಾರಾಗುತ್ತದೆ. ಅಲ್ಲಿ ನೋಡಿದವರು ಮೆಚ್ಚಿದರೆ ಉಳಿದ ಖರ್ಚಿಗೂ ಉತ್ಸವಕ್ಕೂ ದಾರಿ ಸಿಗಬಹುದು. ಸಿಗದೆಯೂ ಇರಬಹುದು. ಅದಕ್ಕೇ ಆ 7 ಲಕ್ಷವನ್ನು ಮುಟ್ಟಬೇಡಿ ಅಂದದ್ದು.

ಕೊನೆಗೆ ನಿಮ್ಮ ಮುಂದೆ ಇರುವ ದಾರಿಗಳು. ಈಗಿರುವ ಹಾಗೆಯೇ ಬಾಯಿಮಾತಿನ ಮೇಲೆ ಹೋಗಬಹುದು, ಅದರ ಅಪಾಯ ಮೇಲೆ ಹೇಳಿದ್ದೇನೆ. ಎಲ್ಲರಿಗೂ ಕಡಿಮೆ ಸಂಬಳ ಕೊಟ್ಟು, ಮುಂದೆ ಪಾಲು ಇಲ್ಲ ಅಂತ ಮಾಡಬಹುದು. ಲೆಕ್ಕ ಸರಳ, ಆದರೆ 18 ಲಕ್ಷದಲ್ಲಿ ಅದಕ್ಕೆ ಜಾಗ ಇಲ್ಲ, ಗೆಳೆಯರಿಗೆ ಇದು ನಮ್ಮ ಸಿನಿಮಾ ಅನ್ನುವ ಭಾವನೆಯೂ ಉಳಿಯುವುದಿಲ್ಲ. ಬಾಟಾ ಮತ್ತು ಬರೆದಿಟ್ಟ ಪಾಲು ಮೂರನೆಯದು. ನನ್ನ ಆಯ್ಕೆ ಅದು. ಅದಕ್ಕೂ ಮೊದಲು ಒಂದು ಪರೀಕ್ಷೆ ಮಾಡಿ. ಇದೇ ಸ್ಕ್ರಿಪ್ಟಿನ ಎರಡು ದೃಶ್ಯವನ್ನು, ಇದೇ ಐದು ಜನ, ಮೂರು ದಿನ, ಇದೇ ಬಾಟಾ, ಇದೇ ಊಟದ ಲೆಕ್ಕದಲ್ಲಿ ತೆಗೆಯಿರಿ. ಎಡಿಟ್, ಸೌಂಡ್ ಎಲ್ಲ ಪೂರ್ತಿ ಮುಗಿಸಿ. 50-60 ಸಾವಿರ ಹೋಗಬಹುದು. ಕಿರುಚಿತ್ರದಲ್ಲಿ ಕಾಣದ ಬಿರುಕು ಇದ್ದರೆ ಇಲ್ಲಿ ಕಾಣುತ್ತದೆ. ಯಾರಾದರೂ ಇಲ್ಲೇ 'ನನ್ನ ಕೈಲಿ ಆಗಲ್ಲ' ಅಂದರೆ ಸ್ನೇಹ ಉಳಿಯುತ್ತದೆ. ಹದಿನಾಲ್ಕನೇ ದಿನ ಅಂದರೆ ಉಳಿಯುವುದು ಕಷ್ಟ.

ಇನ್ನೊಂದನ್ನು ಆ ಕಾಗದದಲ್ಲಿ ಸೇರಿಸಿ. ದಿನಕ್ಕೆ 12 ಗಂಟೆ ಮೀರಿದರೆ ಮಾರನೇ ದಿನ ತಡವಾಗಿ ಶುರು. ಪ್ಯಾಕಪ್ ಆದ ಮೇಲೆ ನಿದ್ದೆಗಣ್ಣಿನಲ್ಲಿ ಯಾರೂ ಬೈಕ್ ಓಡಿಸುವಂತಿಲ್ಲ, ಅಲ್ಲೇ ಮಲಗಬೇಕು. ಎಲ್ಲರಿಗೂ ಸೇರಿ ಒಂದು ಅಪಘಾತ ವಿಮೆ ಇರಬೇಕು. ಆಗುಂಬೆ ಕಡೆಯ ರಸ್ತೆ, ರಾತ್ರಿ ಮಂಜು ನಿಮಗೆ ನಾನು ಹೇಳಬೇಕಾಗಿಲ್ಲ.

ಅಗ್ರಿಮೆಂಟ್ ವಿಷಯ ಹೇಗೆ ಎತ್ತಲಿ ಅನ್ನುವುದು ನಿಮ್ಮ ಮೂಲ ಪ್ರಶ್ನೆ. ನೀವೇ ಬರೆದು ಸಹಿ ಹಾಕಿ ಅಂತ ಮುಂದಿಡಬೇಡಿ. ಐದೂ ಜನ ಒಂದು ಭಾನುವಾರ ಕೂತು, ಮಾತಾಡುವ ಮೊದಲೇ, ಒಬ್ಬೊಬ್ಬರೂ ಒಂದೊಂದು ಚೀಟಿಯಲ್ಲಿ ಮೂರು ವಿಷಯ ಬರೆಯಿರಿ. ಈ ಸಿನಿಮಾದಿಂದ ನನಗೆ ಏನು ಬೇಕು. ಏನಾದರೆ ನನಗೆ ನೋವಾಗುತ್ತದೆ. 12 ಲಕ್ಷ ಬಂದರೆ ಅದರಲ್ಲಿ ನನಗೆ ಎಷ್ಟು. ಆಮೇಲೆ ಚೀಟಿಗಳನ್ನು ಒಟ್ಟಿಗೆ ಓದಿ. ಮೂರನೆಯದರಲ್ಲಿ ಐದು ಚೀಟಿಯ ಮೊತ್ತ ಕೂಡಿಸಿದರೆ 12ನ್ನು ದಾಟಿರುತ್ತದೆ, ಹೆಚ್ಚು ಸಲ ಹಾಗೇ ಆಗುತ್ತದೆ. ಅದನ್ನು ನೋಡಿದ ಮೇಲೆ ಕಾಗದ ಯಾಕೆ ಅಂತ ಯಾರೂ ಕೇಳುವುದಿಲ್ಲ. ಮೊದಲ ಕರಡನ್ನು ನೀವು ಬರೆಯಬೇಡಿ, ಆರು ಲಕ್ಷದ ಗೆಳೆಯನೂ ಬೇಡ. ಸೌಂಡ್ ಮಾಡುವ ಗೆಳೆಯನಿಗೆ ಬರೆಯಲು ಕೊಡಿ.